ಏಮಸ್ ಊದಿದ ಚೆಂಡು

“ಆ ಚೆಂಡಿನ ಗಂಟು ಬಿಚ್ಚಬೇಡ ಕಣೋ ಆರಿನ್. ಆಡದೇ ಸೋತ್ರೂ ಚಿಂತೆಯಿಲ್ಲ,” ಎಂದ ತಂಡದ ನಾಯಕ ಹೈರಮ್.

ಆರಿನ್‌ಗೆ ನಗು ತಡೆಯಲಾಗಲಿಲ್ಲ. ಅವನು ಆ ಕಾಲೇಜಿಗೆ ಹೊಸಬ; ತಲೆಗೆ ಪೆಟ್ಟು ತಾಗದಿರಲೆಂದು ಬೇಸಿಗೆಯಿಡೀ ಕೂದಲು ಬೆಳೆಸಿ, ಕಾದು ಕಾದು, ಚೆಂಡನ್ನಪ್ಪಿ ಓಡಿ ಎದುರಾಳಿಗಳ ಗೆರೆ ದಾಟುವ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ್ದ. ೧೮೯೨ರ ನವೆಂಬರಿನ ಆ ಶನಿವಾರ ಆಟದ ಚೆಂಡು ಬೆಳಿಗ್ಗೆಯೇ ಹರಿದುಹೋಗಿತ್ತು. ಬಾಸ್ಟನ್ನಿನಿಂದ ಬರಬೇಕಾದ ಹೊಸದು ಬಂದಿರಲಿಲ್ಲ. ನದಿಯಾಚೆಯ ಕಾಲೇಜಿನವರು ಆಗಲೇ ಮೈದಾನದಲ್ಲಿ ಕೇಕೆ ಹಾಕುತ್ತಿದ್ದರು. ಉಳಿದದ್ದು ಗೋಡೆಯ ಮೊಳೆಗೆ ತೂಗುಬಿದ್ದ, ಅರ್ಧ ಸೊರಗಿದ ಆ ಒಂದೇ ಚೆಂಡು. ಆಟದ ಚೆಂಡು ಗೆದ್ದವರದ್ದು ಎನ್ನುವುದು ಎರಡೂ ಕಡೆಯ ಪದ್ಧತಿ. ಅದು ಹೈರಮ್‌ನ ತಂಡ ಹಿಂದಿನ ವರ್ಷ ಗೆದ್ದು ತಂದದ್ದು.

ಅದನ್ನು ಊದಿ ತುಂಬಿಸಿದವನು ನದಿಯಾಚೆಯ ತಂಡದ ಏಮಸ್. ಆ ಆಟದಲ್ಲೇ ಚೆಂಡನ್ನಪ್ಪಿ ಬಿದ್ದ ಅವನ ಮೇಲೆ ಎರಡೂ ತಂಡಗಳು ಮುಗಿಬಿದ್ದಿದ್ದವು. ಎಲ್ಲರೂ ಎದ್ದರು, ಅವನೊಬ್ಬ ಏಳಲಿಲ್ಲ. ಹೂಳಿದ ಮರುದಿನ ಅವನ ತಾಯಿ ಬಂದು, “ನನ್ನ ಮಗನ ಉಸಿರು ಅದರೊಳಗಿದೆ, ಕೊಡ್ರಪ್ಪಾ,” ಎಂದು ಬೇಡಿದ್ದಳು. ಹುಡುಗರು ನಕ್ಕಿದ್ದರು. ಆಕೆ ಮಡಿಲಲ್ಲಿ ತಂದಿದ್ದ ಗೋರಿಯ ಮಣ್ಣನ್ನು ಬಾಯಿಗೆ ಹಾಕಿ ಅಗಿದು ಚೆಂಡಿನ ಮೇಲೆ ಉಗುಳಿದ್ದಳು. “ಅವನ ಉಸಿರು ಹೊರಗೆ ಹಾಕಿದವನ ಉಸಿರು ಇದರಲ್ಲೇ ಉಳೀಲಿ.”

“ಗಾಳಿಗೇನು ಹೆಸರು, ಊರು ಇರುತ್ತಾ ಕ್ಯಾಪ್ಟನ್?” ಎನ್ನುತ್ತ ಆರಿನ್ ದಾರ ಬಿಚ್ಚಿದ.

ಬುಸ್ಸೆಂದು ಗಾಳಿ ಮುಖಕ್ಕೆ ರಾಚಿತು. ಈರುಳ್ಳಿ, ಹೊಗೆಸೊಪ್ಪು ಬೆರೆತ ವಾಸನೆ. ವರ್ಷದಿಂದ ಮುಚ್ಚಿಟ್ಟದ್ದು ಈಗ ತಾನೇ ಬಾಯಿಂದ ಬಂದಷ್ಟು ಬೆಚ್ಚಗಿತ್ತು. ಕೊನೆಯಲ್ಲಿ ಯಾರೋ ಬಿಕ್ಕಿದ ಸದ್ದು. ಹೈರಮ್ ಕಿವಿ ಮುಚ್ಚಿಕೊಂಡ. ಆರಿನ್ ಮೂಗೊರೆಸಿಕೊಂಡು, ಚೆಂಡಿನೊಳಗಿನ ರಬ್ಬರ್ ಬ್ಲಾಡರಿನ ಬಾಯಿಗೆ ಕೊಳವೆ ತುರುಕಿ ಊದಿದ. ಸಾಕೆಂದು ನಿಲ್ಲಿಸಿದರೂ ಉಸಿರು ತಾನಾಗಿ ಹೋಗುತ್ತಲೇ ಇತ್ತು. ಬಾಯಿಂದ ಕೊಳವೆಯನ್ನು ಕಿತ್ತೇ ತೆಗೆದು ಗಂಟು ಬಿಗಿಯಬೇಕಾಯಿತು.

ಮೊದಲ ಒದೆತ ಬಿದ್ದದ್ದು ಚೆಂಡಿಗೆ. ಪಕ್ಕೆ ಹಿಡಿದು ಕುಸಿದವನು ಆರಿನ್.

ಚೆಂಡಿನ ಮೇಲೆ ಯಾರೋ ಬಿದ್ದರು. ಆರಿನ್‌ನ ಎದೆ ಅಮುಕಿದಂತಾಯಿತು. ಮತ್ತೊಬ್ಬ ಬಿದ್ದ. ಕಣ್ಣು ಕತ್ತಲಿಟ್ಟಿತು. ಅವರೆದ್ದಾಗಷ್ಟೇ ಗಂಟಲಿಗೆ ಗಾಳಿ ಬಂತು. ಅವನು ತೆವಳಿ ಹೋಗಿ ಹೈರಮ್‌ನ ತೋಳು ಹಿಡಿದ.

“ಕ್ಯಾಪ್ಟನ್, ಚೆಂಡು ಅವರ ಪಾಲಾಗಬಾರದು. ಸತ್ತುಹೋಗ್ತೀನಿ.”

ಹೈರಮ್ ಬಿಳಿಚಿಕೊಂಡ. “ಬಡ್ಕೊಂಡೆನಲ್ಲೋ ಮುಟ್ಠಾಳ! ಹಿಡ್ಕೋ ಅದನ್ನ, ಬಿಡಬೇಡ!”

ಹಿಡಿದ. ಓಡಿದ. ಅಂಗಿ ಹರಿಯಿತು. ಉದ್ದ ಕೂದಲು ಯಾರದೋ ಮುಷ್ಟಿಯಲ್ಲಿ ಉಳಿಯಿತು. ಬಾಯಲ್ಲಿ ರಕ್ತ, ಕೆಸರು. ಗೆರೆ. ಗೆರೆ ದಾಟಿ ಬಿದ್ದ.

ಗೆದ್ದರು. ಟೋಪಿಗಳು ಹಾರಿದವು. ಹೈರಮ್ ಮಾತ್ರ ಚೆಂಡನ್ನೆತ್ತಿಕೊಂಡು ಬೇಲಿಯ ಬಳಿ ಕುದುರೆಗಾಡಿಯಲ್ಲಿ ಕೂತಿದ್ದ ಕಪ್ಪು ಉಡುಪಿನ ಹೆಂಗಸಿನತ್ತ ನಡೆದ. ಏಮಸ್‌ನ ತಾಯಿ ಈ ಸಲವೂ ಬಂದಿದ್ದಳು. ಆರಿನ್ ತೆವಳುತ್ತ ಹಿಂದೆ ಬಂದ.

“ಹೋದ ವರ್ಷವೇ ಕೊಡಬೇಕಿತ್ತು ತಾಯಿ, ತಪ್ಪಾಯ್ತು. ತಗೊಳ್ಳಿ. ಇವನನ್ನ ಬಿಟ್ಟುಬಿಡಿ.”

ಆಕೆ ಚೆಂಡನ್ನು ಕಿವಿಗಾನಿಸಿಕೊಂಡಳು. ಬಹಳ ಹೊತ್ತು ಆಲಿಸಿದಳು.

“ಇದು ನನ್ನ ಮಗನ ಉಸಿರಲ್ಲ.”

ಆಕೆಯ ಬೆರಳು ದಾರದ ಗಂಟಿಗೆ ಹೋಯಿತು. ಆರಿನ್ ಕೈಮುಗಿದ.

“ವಯಸ್ಸೆಷ್ಟು ನಿಂಗೆ?”

“ಹತ್ತೊಂಬತ್ತು.”

“ಅವನಿಗೂ ಅಷ್ಟೇ,” ಎಂದಳು. ಗಂಟು ಬಿಚ್ಚಲಿಲ್ಲ. ಚೆಂಡನ್ನು ಶಾಲಿನಲ್ಲಿ ಸುತ್ತಿ ಗಾಡಿ ಹೊಡೆದಳು.

ಗಾಡಿ ದೂರವಾದಷ್ಟೂ ಉಸಿರು ತೆಳುವಾಯಿತು. ಆರಿನ್ ಓಡಿದ. ಬಿದ್ದ. ಮತ್ತೆ ಓಡಿದ. ಕಾಲೇಜಿನ ಹೆಬ್ಬಾಗಿಲಾಚೆ ಗಾಡಿ ನಿಂತಿತ್ತು.

“ಹತ್ತು ಮಗಾ, ಚಳಿ ಇದೆ. ಮನೇಲಿ ಬೀನ್ಸ್ ಬೇಯೋಕೆ ಇಟ್ಟು ಬಂದಿದೀನಿ.”

ಹತ್ತಿದ. ಅವಳ ಮಗ್ಗುಲಲ್ಲಿ ಕೂತ ಕೂಡಲೇ ಉಸಿರು ಸಲೀಸಾಗಿ ಬಂತು. ಆಕೆ ಅವನ ಮೊಣಕಾಲಿಗೆ ಕಂಬಳಿ ಹೊದಿಸಿದಳು. ಹಿಂದಿನಿಂದ ಹೈರಮ್ ಅವನ ಹೆಸರು ಹಿಡಿದು ಕೂಗುತ್ತಿದ್ದ. ಒಮ್ಮೆ ತಿರುಗಿ ನೋಡಿದ ಆರಿನ್ ಮತ್ತೆ ತಿರುಗಲಿಲ್ಲ. ತಿರುಗಿದಾಗ ಆಕೆ ಚೆಂಡನ್ನು ಮೆಲ್ಲಗೆ ಒತ್ತಿದ್ದಳು; ಅವನ ಉಸಿರು ನಿಂತಿತ್ತು.