ಶನಿವಾರದ ಕೆಸರು

ಒಂದೇ ತಿಂಗಳಲ್ಲಿ ಮೂರನೆಯ ಸಲ ಅದೇ ಕನ್ನಡಕ ರಿಪೇರಿಗೆ ಬಂದಿತ್ತು. ಈ ಸಲವಂತೂ ಬಲಗಡೆಯ ಕಡ್ಡಿ ಒಂದು ಕೈಯಲ್ಲಿ, ಉಳಿದದ್ದು ಇನ್ನೊಂದು ಕೈಯಲ್ಲಿ. ಗಾಜಿನ ತುಂಬ ಒಣಗಿದ ಕೆಸರು.

ಕನ್ನಡಕದಂಗಡಿಯವಳು ಎರಡನ್ನೂ ಕೌಂಟರ್ ಮೇಲೆ ಇಟ್ಟುಕೊಂಡು, ಎದುರಿಗೆ ನಿಂತಿದ್ದ ಗಂಡಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊಣಕಾಲಿನವರೆಗೆ ಮಣ್ಣು, ಕೂದಲಲ್ಲಿ ಸಿಕ್ಕಿಕೊಂಡ ಒಂದು ತರಗೆಲೆ. ಅವನ ಕಿರುಬೆರಳು ಹಿಡಿದುಕೊಂಡು ಗುಬ್ಬಿ ನಿಂತಿದ್ದಳು. ಆರು ವರ್ಷದ ಆ ಹುಡುಗಿಯನ್ನು ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಇಬ್ಬರ ಮುಖದಲ್ಲೂ ಏನೋ ದೊಡ್ಡದನ್ನು ಗೆದ್ದು ಬಂದವರ ಸಂತೋಷ. ಅಂಗಡಿಯವಳ ಪಿತ್ತ ನೆತ್ತಿಗೇರಿದ್ದು ಆ ಸಂತೋಷ ನೋಡಿಯೇ.

"ಹಿಂದಿನ ಎರಡು ಸಲ ಇವಳಮ್ಮ ಬಂದಿದ್ರು. ಪಾಪ, ಆಸ್ಪತ್ರೆ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ. ಈಗ ನೀವು ಬಂದಿದ್ದೀರಿ. ಎಂಥಾ ಅಪ್ಪ ರೀ ನೀವು? ಮಗೂನ ಕೆಸರಲ್ಲಿ ಉರುಳಾಡೋಕೆ ಬಿಟ್ಟು, ಹಲ್ಲು ಕಿರೀತಾ ನಿಂತಿದ್ದೀರಲ್ಲ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಟ್ಟರೆ ತಾನೆ?

"ಗಾಜು ಒಡೆದು ಕಣ್ಣಿಗೆ ಚುಚ್ಚಿಕೊಂಡಿದ್ರೆ ಏನ್ ಮಾಡ್ತಿದ್ರಿ? ಜವಾಬ್ದಾರಿ ಅನ್ನೋದು ಬೇಡ್ವಾ?"

"ಇವ್ರು ನಮ್ಮಪ್ಪ ಅಲ್ಲ," ಎಂದಳು ಗುಬ್ಬಿ. "ಇವ್ರು ಮರದ ಮಾಮ. ಆಂಟೀ, ನೀವು ಯಾವತ್ತಾದ್ರೂ ಎರೆಹುಳು ಮುಟ್ಟಿದ್ದೀರಾ?"

ಅಂಗಡಿಯವಳು ಮುರಿದ ಕಡ್ಡಿಯನ್ನು ಎತ್ತಿ, ಮತ್ತೆ ಕೌಂಟರ್ ಮೇಲೆ ಇಟ್ಟಳು.

"ನಾನು ಪಾರ್ಕಲ್ಲಿ ಮರಗಳನ್ನ ನೋಡ್ಕೊಳ್ಳೋನು," ಎಂದ ಅವನು, ತಪ್ಪು ತನ್ನದೇ ಎಂಬಂತೆ. "ಶನಿವಾರ ಬೆಳಗ್ಗೆ ಚಿಕ್ಕ ಮಕ್ಕಳನ್ನ, ಮನೆಯವರನ್ನ ಸೇರಿಸಿ ಹೊರಗೆ ಸುತ್ತಾಡಿಸ್ತೀನಿ. ಇವತ್ತು ಇವಳಮ್ಮನಿಗೆ ಡ್ಯೂಟಿ ಇತ್ತು, ಅದಕ್ಕೆ ನಾನೇ ಕರ್ಕೊಂಡು ಬಂದೆ. ಬೈಗುಳ ಮಾತ್ರ ನ್ಯಾಯವಾದದ್ದೇ ಬಿಡಿ."

ಅವನು ತಿರುಗಿ ಜಗಳಕ್ಕೆ ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ನಕ್ಕುಬಿಟ್ಟ. ನಕ್ಕಾಗ ಎಡಗೆನ್ನೆಯಲ್ಲೊಂದು ಗುಳಿ ಬಿತ್ತು. ಅದನ್ನು ತಾನು ಗಮನಿಸಿದೆನಲ್ಲ ಎಂದು ಅವಳಿಗೆ ಇನ್ನಷ್ಟು ಕೋಪ ಬಂತು.

ಆ ಕೋಪದಲ್ಲೇ ಮಧ್ಯಾಹ್ನ ಅಂಗಡಿಯ ಲೆಟರ್‌ಹೆಡ್ ಬದಿಗಿಟ್ಟು, ಬಿಳಿ ಹಾಳೆಯ ಮೇಲೆ ಪಾರ್ಕಿನ ಕಚೇರಿಗೆ ಒಂದು ದೂರು ಬರೆದಳು. ಮಕ್ಕಳನ್ನು ಕೆಸರಿಗಿಳಿಸುತ್ತಾರೆ, ಮರ ಹತ್ತಿಸುತ್ತಾರೆ, ಯಾವ ಮುನ್ನೆಚ್ಚರಿಕೆಯೂ ಇಲ್ಲ. ಕೆಳಗೆ ಹೆಸರಿನ ಜಾಗದಲ್ಲಿ 'ಕಾಳಜಿಯುಳ್ಳ ನಾಗರಿಕರೊಬ್ಬರು' ಎಂದು ಬರೆದು, ಅಂಚೆಗೆ ಹಾಕಿ, ಮರೆತೂಬಿಟ್ಟಳು.

ಬರೆದದ್ದು ದ್ವೇಷದಿಂದಲ್ಲ. ಗುಬ್ಬಿಯಂತೆ ಆರನೇ ವಯಸ್ಸಿಗೇ ಅವಳ ಮೂಗಿನ ಮೇಲೆ ದಪ್ಪ ಗಾಜು ಕೂತಿತ್ತು. ಬಿದ್ದರೆ ಕಣ್ಣು ಹೋಗುತ್ತದೆಂದು ಅಮ್ಮ ಅವಳನ್ನು ಬಾಗಿಲು ದಾಟಲು ಬಿಡಲಿಲ್ಲ. ಕಿಟಕಿಯಾಚೆ ಬೀದಿಯ ಮಕ್ಕಳು ಗಂಟಲು ಹರಿಯುವಂತೆ ಕೂಗಾಡುವಾಗ, ಈಚೆ ಇವಳು ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದಳು. ಹೊರಗೆ ಅಂದರೆ ಅಪಾಯ ಎಂದು ಅವಳು ಕಲಿತದ್ದು ಹಾಗೆ.

ಬುಧವಾರ ಅವನು ಕನ್ನಡಕ ತೆಗೆದುಕೊಂಡು ಹೋಗಲು ಬಂದ. ಸ್ನಾನ ಮಾಡಿ, ಕೂದಲು ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಕನ್ನಡಕ ಒಯ್ಯಲು ಇಸ್ತ್ರಿ ಅಂಗಿ ಯಾಕೆ ಎಂದು ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

"ಓಡುವಾಗ ಜಾರದ ಹಾಗೆ ತಲೆ ಹಿಂದೆ ಕಟ್ಟೋ ಪಟ್ಟಿ ಸಿಗುತ್ತಾ?" ಎಂದು ಕೇಳಿದ. "ಹನ್ನೊಂದು ಬೇಕಿತ್ತು."

"ಹನ್ನೊಂದಾ?"

"ಇಪ್ಪತ್ತು ಮಕ್ಕಳು ಬರ್ತಾರೆ. ಹನ್ನೊಂದು ಮಕ್ಕಳಿಗೆ ಕನ್ನಡಕ. ಎಲ್ಲಾ ನಿಮ್ಮ ಅಂಗಡೀದೇ ಅಂತ ಕಾಣುತ್ತೆ."

ಹೌದು, ಅವಳೇ ಕೊಟ್ಟದ್ದು. ವರ್ಷದಿಂದ ವರ್ಷಕ್ಕೆ ಪುಟ್ಟ ಪುಟ್ಟ ಫ್ರೇಮುಗಳನ್ನೇ ಹೆಚ್ಚು ತರಿಸಬೇಕಾಗಿ ಬಂದಾಗ ಅವಳಿಗೂ ಒಳಗೊಳಗೆ ಕಸಿವಿಸಿಯಾಗುತ್ತಿತ್ತು.

"ಇಲ್ಲೇ ಮಹಡಿ ಮೇಲಿನ ಕಣ್ಣಿನ ಡಾಕ್ಟರು ಚೀಟೀಲಿ ಬರೀತಾರಂತಲ್ಲ, ಕಣ್ಣಿನ ನಂಬರ್ ಏರದ ಹಾಗೆ ಮಗೂನ ದಿನಾ ಹೊರಗೆ ಬೆಳಕಲ್ಲಿ ಆಡಿಸಿ ಅಂತ? ತಾಯಂದಿರು ಆ ಚೀಟಿ ಹಿಡ್ಕೊಂಡು ಬಂದು ನನ್ನನ್ನ ಕೇಳ್ತಾರೆ, ಎಲ್ಲಿ ಆಡಿಸೋದು, ಏನ್ ಆಡಿಸೋದು ಅಂತ. ಅವರೇ ಆಡಿ ಎಷ್ಟು ವರ್ಷ ಆಗಿರುತ್ತೋ! ಅದಕ್ಕೇ ಶುರು ಮಾಡಿದ್ದು."

ಅವಳು ಅಳತೆಯ ಟೇಪು ಕೈಗೆತ್ತಿಕೊಂಡಳು. "ಪಟ್ಟಿ ಇಲ್ಲಿ ಕೂತು ಹೊಲಿದ್ರೆ ಆಗಲ್ಲ. ಮಕ್ಕಳು ಓಡೋದು ನೋಡಬೇಕು."

"ಹಾಗಾದ್ರೆ ಶನಿವಾರ ಬನ್ನಿ," ಎಂದ ಅವನು, ಎಷ್ಟು ಬೇಗ ಎಂದರೆ ಅವಳು ಮಾತು ಮುಗಿಸುವುದನ್ನೇ ಕಾಯುತ್ತಿದ್ದನೇನೋ ಎಂಬಂತೆ.

ಬಿಳಿ ಶೂ ಹಾಕಿಕೊಂಡು ಹೋದದ್ದು ಅವಳ ಮೊದಲ ತಪ್ಪು. ಪಾರ್ಕಿನ ಹಿಂಭಾಗದಲ್ಲಿ, ಹೂವಿನ ಮಡಿಗಳೂ ಕಲ್ಲುಬೆಂಚುಗಳೂ ಮುಗಿದ ಮೇಲೆ, ಯಾರೂ ಕತ್ತರಿಸದ ಹುಲ್ಲು, ಒಂದು ಸಣ್ಣ ಕೊಳ, ಉರುಳಿಬಿದ್ದ ದೊಡ್ಡ ಮರದ ಕಾಂಡ ಇದ್ದವು. ಇಪ್ಪತ್ತು ಮಕ್ಕಳು ಅದರ ಸುತ್ತ ಜೇನುಹುಳುಗಳಂತೆ ಗುಂಯ್‌ಗುಟ್ಟುತ್ತಿದ್ದರು. ಗುಬ್ಬಿಯ ಅಮ್ಮ ಹುಲ್ಲಿನ ಮೇಲೆ ಅಂಗಾತ ಮಲಗಿ, ಮುಖಕ್ಕೆ ಸೆರಗು ಮುಚ್ಚಿಕೊಂಡು ಗಾಢ ನಿದ್ದೆಯಲ್ಲಿದ್ದಳು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ತಾತ ಮೊಮ್ಮಗನ ಜೊತೆ ಮಂಡಿಯೂರಿ, ಇರುವೆ ಸಾಲು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸುತ್ತಿದ್ದರು. ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಎಲ್ಲವೂ ಮರದ ಮಾಮನ ಬುಟ್ಟಿಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿದ್ದವು.

"ಪಾಠ ಯಾವಾಗ ಶುರು?" ಎಂದಳು.

"ಪಾಠ ಏನಿಲ್ಲ. ಸುಮ್ನೆ ಬಿಡೋದು. ನಾನು ದೂರದಲ್ಲಿ ನಿಂತು ನೋಡ್ತಿರ್ತೀನಿ ಅಷ್ಟೇ." ಅವನು ನೋಡುತ್ತಲೇ ಇದ್ದ. ಮಾತು ಅವಳ ಜೊತೆ, ಕಣ್ಣು ಒಂದೊಂದು ಮಗುವಿನ ಮೇಲೂ ಸರದಿಯಂತೆ ಹೋಗಿ ಬರುತ್ತಿತ್ತು. ಮುನ್ನೆಚ್ಚರಿಕೆ ಇಲ್ಲ ಎಂದು ಬರೆದದ್ದು ನೆನಪಾಗಿ ಅವಳಿಗೆ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡಿದಂತಾಯಿತು.

"ಕೈ ಚಾಚಿ," ಎಂದ.

"ಯಾಕೆ?"

"ಚಾಚಿ ಅಂದ್ನಲ್ಲ."

ಅಂಗೈ ಮೇಲೆ ಒಂದು ಬಸವನಹುಳು ಇಟ್ಟ. ಅವಳು ಕಿರುಚಲು ಹೊರಟವಳು, ಮೂರು ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದುದರಿಂದ ನುಂಗಿಕೊಂಡಳು. ತಣ್ಣಗೆ, ಮೆಲ್ಲಗೆ ಅದು ಅವಳ ಹೆಬ್ಬೆರಳಿನತ್ತ ಹೊರಟಿತು.

"ಹೆದರ್ಕೋಬೇಡಿ. ನಿಮಗಿಂತ ಅದಕ್ಕೇ ಹೆದರಿಕೆ ಜಾಸ್ತಿ."

"ನಿಮಗೆ ಹೆದರಿಕೆ ಇಲ್ವಾ ನನ್ನ ಕಂಡ್ರೆ?"

"ಇದೆ. ಕೌಂಟರ್ ಹಿಂದೆ ಇದ್ದಾಗ ಮಾತ್ರ."

ಅವಳು ತಲೆಯೆತ್ತಿದಳು. ಅವನು ಹುಳುವನ್ನು ನೋಡುತ್ತಿರಲಿಲ್ಲ. ಇಬ್ಬರೂ ಏಕಕಾಲಕ್ಕೆ ಬೇರೆ ಬೇರೆ ಮಗುವಿನ ಕಡೆ ತಿರುಗಿಕೊಂಡರು.

ಆಮೇಲೆ ಅವಳು ನಾಲ್ಕು ಶನಿವಾರ ಹೋದಳು. ಪಟ್ಟಿ ಹೊಲಿದು ಮುಗಿದದ್ದು ಎರಡನೆಯ ವಾರಕ್ಕೇ. ಮೂರನೆಯ ವಾರಕ್ಕೆ ನೆಪವೂ ಬೇಕಾಗಲಿಲ್ಲ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತು, "ಆ ಕಾಲು ತೊಳ್ಕೊಂಡು ಒಳಗೆ ಬಾ. ವಯಸ್ಸು ಮೂವತ್ತಾಯ್ತು, ಈಗ ಆಟ ಆಡೋಕೆ ಹೊರಟಿದ್ದಾಳೆ!" ಎಂದು ಗೊಣಗುತ್ತಿದ್ದಳು. ಗೊಣಗಿದರೂ, ಮಗಳು ಗುನುಗುತ್ತಾ ಶೂ ಉಜ್ಜುವುದನ್ನು ಓರೆಗಣ್ಣಿಂದ ನೋಡಿ ಸುಮ್ಮನಾಗುತ್ತಿದ್ದಳು.

ಅದರ ಮುಂದಿನ ಶನಿವಾರ ಪಾರ್ಕಿನ ಹಿಂಭಾಗದ ಬೇಲಿಯ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲೊಂದು ನೋಟಿಸು.

"ಯಾರೋ ದೂರು ಕೊಟ್ಟಿದ್ದಾರೆ," ಎಂದ ಮರದ ಮಾಮ ಸೇರಿದವರಿಗೆ. ದನಿ ಹಗುರವಾಗಿಯೇ ಇತ್ತು, ಆದರೆ ಬುಟ್ಟಿಯ ಹಿಡಿಯನ್ನು ಬಿಡಿಸುತ್ತಾ, ಮತ್ತೆ ಸುತ್ತುತ್ತಾ ಇದ್ದ. "ಯಾರಾದ್ರೇನು, ಮಕ್ಕಳಿಗೇನಾದ್ರೂ ಆದೀತು ಅನ್ನೋ ಭಯಕ್ಕೆ ಬರೆದಿರ್ತಾರೆ. ಬೈಕೋಬೇಡಿ. ನೋಡೋಣ, ಏನಾಗುತ್ತೆ."

ಗುಬ್ಬಿ ಗೇಟಿನ ಸರಳುಗಳ ನಡುವೆ ಮುಖ ತೂರಿಸಿ ಕೊಳವನ್ನೇ ನೋಡುತ್ತಿದ್ದಳು. ಕಿಟಕಿಯೊಳಗಿನ ಮಗು ಹೇಗೆ ನೋಡುತ್ತದೆಂದು ಕನ್ನಡಕದಂಗಡಿಯವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಮನೆಗೆ ಹೋದಳು. ಊಟ ಸೇರಲಿಲ್ಲ.

ಸೋಮವಾರ ಅಂಗಡಿಯ ಬಾಗಿಲು ತೆರೆಯದೆ ನೇರ ಪಾರ್ಕಿನ ಕಚೇರಿಗೆ ಹೋದಳು. ಸೂಪರಿಂಟೆಂಡೆಂಟ್ ಫೈಲಿನಿಂದ ತಲೆಯೆತ್ತಿ, "ಹೆಸರಿಲ್ಲದ ಪತ್ರ, ನಿಜ. ಆದ್ರೆ ನಾಳೆ ಮಗು ಬಿದ್ರೆ ಅದೇ ಪತ್ರ ನನ್ನ ಕುತ್ತಿಗೆಗೆ ಬರುತ್ತೆ. ಬರೆದವರು ಯಾರಂತ ಗೊತ್ತಾಗಿದ್ರೆ ಕರೆಸಿ ಮಾತಾಡಬಹುದಿತ್ತು," ಎಂದರು.

ಸುಮ್ಮನೆ ಎದ್ದು ಬರಬಹುದಿತ್ತು. ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

"ಬರೆದವಳು ನಾನೇ ಸರ್. ಕಣ್ಣಾರೆ ನೋಡದೆ ಬರೆದೆ. ಈಗ ನೋಡಿದ್ದೀನಿ. ನೀವೂ ಒಂದ್ಸಲ ಬಂದು ನೋಡಿ. ಏನೇ ಆದ್ರೂ ಜವಾಬ್ದಾರಿ ನನ್ನದೂ ಹೌದು ಅಂತ ಸಹಿ ಹಾಕ್ತೀನಿ, ಈ ಸಲ ಹೆಸರು ಸಮೇತ."

ಅವರು ಹಾಳೆ ಮುಂದೆ ತಳ್ಳಿದರು. "ಶನಿವಾರ ಬರ್ತೀನಿ. ನನಗೆ ಹಿಡಿಸದಿದ್ರೆ ಬೀಗ ಬೀಗವೇ."

ಅಲ್ಲಿಂದ ಸೀದಾ ಅವನನ್ನು ಹುಡುಕಿಕೊಂಡು ಹೋದಳು. ಅವನು ಏಣಿಯ ಮೇಲೆ, ಒಣಗಿದ ಕೊಂಬೆ ಗರಗಸದಿಂದ ಕೊಯ್ಯುತ್ತಿದ್ದ.

"ಕೆಳಗೆ ಬನ್ನಿ. ಒಂದು ವಿಷಯ ಹೇಳಬೇಕು."

"ಅಲ್ಲಿಂದ್ಲೇ ಹೇಳಿ, ಕೇಳಿಸುತ್ತೆ."

"ಆ ದೂರು ಬರೆದದ್ದು ನಾನು."

ಗರಗಸ ನಿಂತಿತು. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ. ಕೆನ್ನೆಯ ಗುಳಿ ಇರಲಿಲ್ಲ.

"ಯಾವಾಗ?"

"ಮೊದಲನೇ ದಿನವೇ. ನಿಮ್ಮನ್ನ ಬೈದ ದಿನ."

"ಅಂಗಡೀಲಿ ಬೈದದ್ದು ಸಾಲದಾಗಿತ್ತಾ?" ತಮಾಷೆಯ ಮಾತು, ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ. "ಐದು ವಾರ ನನ್ನ ಪಕ್ಕದಲ್ಲೇ ನಿಂತಿದ್ರಿ. ಒಂದು ದಿನ ಹೇಳಬಹುದಿತ್ತು."

"ಹೇಳಬೇಕಿತ್ತು. ಬರೆದು ಮರೆತಿದ್ದೆ. ನೆನಪಾದಾಗ ಧೈರ್ಯ ಬರಲಿಲ್ಲ. ನೀವು ಮುಖ ತಿರುಗಿಸ್ತೀರಿ ಅಂತ ಭಯ ಆಯ್ತು."

"ನಾನು ಮುಖ ತಿರುಗಿಸಿದ್ರೆ ನಿಮಗೇನು?"

ಅದಕ್ಕೆ ಉತ್ತರವಿತ್ತು. ಆದರೆ ತಪ್ಪು ಒಪ್ಪಿಕೊಂಡ ಬಾಯಲ್ಲೇ ಅದನ್ನೂ ಹೇಳಿದರೆ ಲಂಚ ಕೊಟ್ಟಂತಾಗುತ್ತದೆ ಎನಿಸಿತು. "ಶನಿವಾರ ಸೂಪರಿಂಟೆಂಡೆಂಟ್ ಬರ್ತಾರೆ. ಮಕ್ಕಳಿಗೋಸ್ಕರ ನೀವಿರಬೇಕು," ಎಂದಷ್ಟೇ ಹೇಳಿ ಹೊರಟಳು. ಹಿಂದಿನಿಂದ ಗರಗಸದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

ಆ ವಾರ ಅವಳು ಅಂಗಡಿಗೆ ಬಂದ ಪ್ರತಿ ಅಪ್ಪ ಅಮ್ಮನಿಗೂ ನಂಬರ್ ತಿಳಿಸಿ, ಫ್ರೇಮ್ ತೋರಿಸಿ, ಕೊನೆಗೆ ಕೇಳುತ್ತಿದ್ದಳು: "ಶನಿವಾರ ಬೆಳಗ್ಗೆ ಏನ್ ಮಾಡ್ತಿದ್ದೀರಿ?" ದಿನಾ ಸಂಜೆ ಕಚೇರಿಯವರಿಂದ ಬೀಗ ತೆಗೆಸಿ, ಬೇಲಿಯೊಳಗೆ ಹೋಗಿ ಹುಲ್ಲಿನಲ್ಲಿ ಗಾಜಿನ ಚೂರು, ತಂತಿ ಇದ್ದರೆ ಆಯ್ದಳು. ಮೂರನೆಯ ಸಂಜೆ ಅಲ್ಲಿ ಇನ್ನೊಬ್ಬರು ಆಗಲೇ ಅದೇ ಕೆಲಸ ಮಾಡುತ್ತಿದ್ದರು. ಅವನು ತಲೆ ಎತ್ತಲಿಲ್ಲ. ಇವಳೂ ಮಾತಾಡಿಸಲಿಲ್ಲ. ಕೊಳದ ಒಂದು ದಡದಲ್ಲಿ ಅವನು, ಇನ್ನೊಂದು ದಡದಲ್ಲಿ ಇವಳು, ಬಗ್ಗಿಕೊಂಡು ಮೆಲ್ಲಗೆ ಸುತ್ತು ಬಂದು ಮಧ್ಯದಲ್ಲಿ ಎದುರಾದರು.

"ಆ ಕಡೆ ನೋಡಿ ಆಯ್ತಾ?" ಎಂದ.

"ಆಯ್ತು."

"ಸರಿ." ಎರಡು ಹೆಜ್ಜೆ ಹೋಗಿ ತಿರುಗಿದ. "ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಕುಯ್ಕೊಂಡೀರಿ."

ಅಷ್ಟು ಮಾತನ್ನು ಅವಳು ಮನೆವರೆಗೂ ನೆನೆಸಿಕೊಳ್ಳುತ್ತಾ ಹೋದಳು.

ಶನಿವಾರ ಅರವತ್ತು ಜನ ಸೇರಿದರು. ಅವಳ ಅಮ್ಮನೂ ಬಂದಿದ್ದಳು, "ನಿನ್ನನ್ನ ಹಿಡಿದುಕೊಂಡಿರೋದು ಏನು ಅಂತ ನಾನೂ ನೋಡಬೇಕಲ್ಲ," ಎಂದು. ಸೂಪರಿಂಟೆಂಡೆಂಟ್ ಕೈ ಹಿಂದೆ ಕಟ್ಟಿಕೊಂಡು ಮೊದಲು ಮರದ ಕಾಂಡ ಒದ್ದು ನೋಡಿದರು, ಕೊಳದ ಆಳಕ್ಕೆ ಕೋಲು ಹಾಕಿ ನೋಡಿದರು. ಬ್ಯಾಂಕಿನ ತಾತ ಅವರ ಬೆನ್ನು ಬಿಡದೆ ಇರುವೆಗಳ ವಿಷಯ ಹೇಳಿದರು. ಒಂದೂವರೆ ಗಂಟೆಯಾದ ಮೇಲೆ ನೋಡಿದರೆ ಸಾಹೇಬರು ಪ್ಯಾಂಟು ಮಡಚಿ, ಗುಬ್ಬಿಯ ಅಪ್ಪಣೆಯಂತೆ ಹಾವಸೆಯೊಳಗೆ ಕಪ್ಪೆಮರಿ ಹುಡುಕುತ್ತಿದ್ದರು.

"ಐದು ಮಕ್ಕಳಿಗೆ ಒಬ್ಬ ದೊಡ್ಡವರು," ಎಂದರು ಹೊರಡುವಾಗ, ಮುಖ ಗಂಟಿಕ್ಕಿಕೊಂಡೇ. "ನನ್ನ ಎತ್ತರಕ್ಕಿಂತ ಮೇಲೆ ಯಾವ ಮಗುವೂ ಹತ್ತಕೂಡದು. ಬೀಗದ ಕೈ ಇಟ್ಕೊಳ್ಳಿ."

ಕಿರುಚಾಟ ಮುಗಿಲು ಮುಟ್ಟಿತು. ಅದರ ನಡುವೆ ಅವನು ಅವಳ ಪಕ್ಕ ಬಂದು ನಿಂತ.

"ನಾಲ್ಕು ದಿನ ಮುನಿಸಿಕೊಂಡಿದ್ದೆ," ಎಂದ. "ಮುನಿಸು ನನಗೆ ಒಗ್ಗಲ್ಲ. ಊಟ ರುಚಿಸಲಿಲ್ಲ. ಒಂದು ಒಳ್ಳೇ ಕೊಂಬೇನೂ ಕತ್ತರಿಸಿಬಿಟ್ಟೆ."

"ಪಾಪ, ಕೊಂಬೆ."

"ಮೊನ್ನೆ ಒಂದು ಪ್ರಶ್ನೆ ಕೇಳಿದ್ದೆ. ನೀವು ಉತ್ತರ ಹೇಳದೆ ಹೋದ್ರಿ."

"ಇಲ್ಲಿ ಅರವತ್ತು ಜನ ಇದ್ದಾರೆ. ನಮ್ಮಮ್ಮ ಬೇರೆ ಇದ್ದಾಳೆ."

"ನಾಳೆ ಭಾನುವಾರ. ಇಲ್ಲಿ ಯಾರೂ ಇರಲ್ಲ."

ಭಾನುವಾರ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಅವನು ಅವಳಿಗೆ ಒಂದು ಮರ ತೋರಿಸಿದ. ಮೊದಲ ಕವಲು ಸೊಂಟದೆತ್ತರಕ್ಕೇ ಇತ್ತು. ಎಲ್ಲಿ ಕಾಲಿಡಬೇಕು, ಎಲ್ಲಿ ಹಿಡಿಯಬೇಕು ಎಂದು ಹೇಳಿದನೇ ಹೊರತು ಎತ್ತಿ ಕೂರಿಸಲಿಲ್ಲ. ಮೊಣಕೈ ತರಚಿಕೊಂಡು, ಏದುಸಿರು ಬಿಡುತ್ತಾ, ಅವಳು ತಾನೇ ಕವಲಿನಿಂದ ಕವಲಿಗೆ ಮೇಲಕ್ಕೆ ಹತ್ತಿ ಕೂತಳು. ಪಾರ್ಕು, ಬೀದಿ, ಅದರಾಚೆ ಮನೆಗಳ ಸಾಲು, ಎಲ್ಲವೂ ಅವಳ ಕಾಲ ಕೆಳಗೆ ಹರಡಿತ್ತು. ಅವನು ಪಕ್ಕದ ಕವಲಿನಲ್ಲಿ ಕೂತು ಕಾದ.

"ಮುಖ ತಿರುಗಿಸಿದ್ರೆ ನನಗೇನು ಅಂತ ಕೇಳಿದ್ರಲ್ಲ," ಎಂದಳು ದೂರ ನೋಡುತ್ತಾ. "ಆ ಮುಖ ದಿನಾ ನೋಡಬೇಕು ಅನ್ನಿಸುತ್ತೆ. ಶನಿವಾರ ಸಾಲಲ್ಲ. ಅಷ್ಟೇ."

ಅವನು ಮೆಲ್ಲಗೆ ಅವಳ ಕೈ ಮೇಲೆ ತನ್ನ ಕೈ ಇಟ್ಟ. ಒರಟು ಕೈ, ಎಲೆಯ ವಾಸನೆ.

"ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ ದಿನವೇ ನನಗೆ ಗೊತ್ತಿತ್ತು," ಎಂದ. "ನೀವು ಒಪ್ಪಿದ್ರೆ, ನಿಮ್ಮಮ್ಮನ ಹತ್ರ ನಾನೇ ಮಾತಾಡ್ತೀನಿ. ನೀವು ಹೇಳಿ, ಯಾವಾಗ..."

"ಇನ್ನೂ ಎಷ್ಟು ದಿನ ನೀವು, ನೀವು?" ಅವಳಿಗೆ ನಗು ತಡೆಯಲಾಗಲಿಲ್ಲ. ಕೊಂಬೆ ಇಬ್ಬರನ್ನೂ ಹೊತ್ತುಕೊಂಡು ಸಣ್ಣಗೆ ತೂಗಿತು. "ಇವತ್ತೇ ಬಾ. ಆದ್ರೆ ಕಾಲು ತೊಳ್ಕೊಂಡು ಒಳಗೆ ಬಾ, ಇಲ್ದಿದ್ರೆ ಅಮ್ಮ ನಿನ್ನನ್ನ ಹೊಸಿಲಲ್ಲೇ ನಿಲ್ಲಿಸ್ತಾಳೆ."

"ಬರ್ತೀನಿ," ಎಂದ ಅವನು. ತಡೆದು, ಹೊಸ ಪದವೊಂದನ್ನು ಮೊದಲ ಸಲ ಬಾಯಲ್ಲಿಟ್ಟುಕೊಂಡವನಂತೆ, ಮತ್ತೆ ಹೇಳಿದ: "ಬರ್ತೀನಿ ಕಣೇ. ಮೊದಲು ನೀನು ಇಳಿ."

"ಆಗಲ್ಲ," ಎಂದಳು ಅವಳು. "ಹತ್ತೋದು ಮಾತ್ರ ಹೇಳಿಕೊಟ್ಟಿದ್ದೀಯ."