ಒಂಬತ್ತನೇ ಬುಟ್ಟಿ

ಮೂರನೇ ಬುಟ್ಟಿ ತಲುಪುವಷ್ಟರಲ್ಲಿ ನನ್ನ ಡಿಸ್ಕ್ ಪೊದೆಗೂ ಹೋಗಿ ಬಂದಿತ್ತು, ಕೊಳಕ್ಕೂ ಬಿದ್ದೆದ್ದಿತ್ತು. ಹಲ್ಲಿನ ಡಾಕ್ಟರ್ ನಾನು. ಕೂದಲೆಳೆಯಷ್ಟು ಸಂದಿಯಲ್ಲೂ ಕೈ ನಡುಗದೆ ಕೆಲಸ ಮಾಡುವವಳು. ಇವತ್ತು ಕೈ ತಪ್ಪಿತು ಎಂದರೆ ಸುಳ್ಳು. ಬೇಕೆಂದೇ ಎಸೆಯುತ್ತಿದ್ದೆ.

"ಅತ್ತೆ, ನಿಂಗೆ ಕಣ್ಣು ಕಾಣಲ್ವಾ?" ಅಣ್ಣನ ಮಗಳು ಪುಟ್ಟಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಬುಟ್ಟಿ ಅಲ್ಲಿದೆ!"

ಬುಟ್ಟಿಗಳನ್ನೆಲ್ಲ ನೆಟ್ಟವರು ಪಕ್ಕದಲ್ಲೇ ನಿಂತು ನಗು ತಡೆದುಕೊಳ್ಳುತ್ತಿದ್ದರು. ಪುಟ್ಟಿಯ ಬಾಯಲ್ಲಿ ಅವರು ಬುಟ್ಟಿ ಅಂಕಲ್. ಊರೂರಿನ ಪಾರ್ಕುಗಳಲ್ಲಿ ಡಿಸ್ಕ್ ಗಾಲ್ಫ್ ಕೋರ್ಸ್ ಕಟ್ಟುವುದು ಅವರ ಕೆಲಸ. ಮರಗಳ ನಡುವೆ ಕಂಬ ನೆಟ್ಟು, ಸರಪಳಿ ಇಳಿಬಿಟ್ಟ ಬುಟ್ಟಿ ಕೂರಿಸುತ್ತಾರೆ. ದೂರದಿಂದ ತಟ್ಟೆಯಂಥ ಡಿಸ್ಕ್ ಎಸೆದು ಅದರೊಳಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರಿಗೆ ಗೆಲುವು. ನಮ್ಮ ಪಾರ್ಕಿನ ಹೊಸ ಕೋರ್ಸ್ ಇವತ್ತಷ್ಟೇ ತೆರೆದಿತ್ತು. ಮೊದಲ ಆಟ ತನ್ನ ಜೊತೆಗೇ ಆಡಬೇಕೆಂದು ಪುಟ್ಟಿ ಅವರಿಂದ ಎಂದೋ ಮಾತು ತೆಗೆದುಕೊಂಡಿದ್ದಳು.

ಪಾರ್ಕಿನ ಕೆಲಸ ಶುರುವಾದ ಹೊಸದರಲ್ಲಿ ಹಲ್ಲುನೋವೆಂದು ನನ್ನ ಕ್ಲಿನಿಕ್ಕಿಗೆ ಬಂದ ಅವರು, ವಾಸಿಯಾದ ಮೇಲೂ ಬರುತ್ತಲೇ ಇದ್ದರು. ಪ್ರತಿ ಸಲವೂ ಬೇರೆ ಹಲ್ಲು. ಒಂದೂ ಹುಳುಕಿರಲಿಲ್ಲ. ನಾನೂ ಕನ್ನಡಿ ಹಿಡಿದು ಗಂಭೀರವಾಗಿ ನೋಡಿ, "ಮುಂದಿನ ವಾರ ಬನ್ನಿ" ಎನ್ನುತ್ತಿದ್ದೆ.

ಇನ್ನು ಮುಂದಿನ ವಾರವಿಲ್ಲ. ಆಟ ಮುಗಿದ ಕೂಡಲೇ ಅವರು ಹೊರಡುತ್ತಾರೆ. ಗೇಟಿನ ಬಳಿ ಜೀಪು ಕಾಯುತ್ತಿದೆ, ಬ್ಯಾಗು ಆಗಲೇ ಅದರೊಳಗೆ ಸೇರಿದೆ. ಸಮುದ್ರದಾಚೆ ಎಲ್ಲೋ ದೊಡ್ಡ ಕೆಲಸವಂತೆ, ವರ್ಷಗಟ್ಟಲೆ.

"ಬೇರೆಯವರನ್ನ ಕಳಿಸೋಕೆ ಆಗಲ್ವಾ?" ಪೊದೆಯಲ್ಲಿ ಡಿಸ್ಕ್ ಹುಡುಕುತ್ತಾ, ಏನೂ ಆಗದವಳ ಹಾಗೆ ಕೇಳಿದೆ.

"ಆಗುತ್ತೆ. ನನ್ನ ಪಾರ್ಟ್ನರ್ ತುದಿಗಾಲಲ್ಲಿ ನಿಂತಿದ್ದಾನೆ." ಅವರು ಕೊಂಬೆ ಸರಿಸಿ ನನ್ನನ್ನೇ ನೋಡಿದರು. "ಆದ್ರೆ ಇಲ್ಲಿರೋಕೆ ನನಗೂ ಒಂದು ಕಾರಣ ಬೇಕಲ್ಲ, ಡಾಕ್ಟ್ರೇ."

ಅವರ ಕೆನ್ನೆಗೆ ಒಣ ಎಲೆಯ ಚೂರು ಅಂಟಿತ್ತು. ತೆಗೆಯಲೆಂದು ಎತ್ತಿದ ಕೈಯನ್ನು ಡಿಸ್ಕಿನ ಕಡೆ ತಿರುಗಿಸಿದೆ. ಅವರು ಅದನ್ನು ನೋಡಿದರು. ಎಲೆಯನ್ನು ಹಾಗೇ ಬಿಟ್ಟುಕೊಂಡು ಆಡಿದರು.

ದಿನವಿಡೀ "ಬಾಯಿ ತೆಗೀರಿ" ಅನ್ನುವುದೇ ನನ್ನ ಕೆಲಸ. ನನ್ನ ಬಾಯಿಗೆ ಮಾತ್ರ ಬೀಗ. ಏನೆಂದು ಹೇಳಲಿ? ಅತ್ತಿಗೆ ತೀರಿಕೊಂಡಿದ್ದಾರೆ, ಅಣ್ಣ ಹಡಗಿನ ಕೆಲಸದಲ್ಲಿ ಸದಾ ನೀರಿನ ಮೇಲೆ. ಪುಟ್ಟಿಯೇ ನನ್ನ ಜೀವ. ಹಿಂದೊಬ್ಬರು ನನ್ನನ್ನು ಮೆಚ್ಚಿ, "ಮಗೂನ ಹಾಸ್ಟೆಲ್‌ಗೆ ಹಾಕಿದ್ರಾಯ್ತು" ಎಂದಿದ್ದರು. ಇವರೂ ಹಾಗೆಂದುಬಿಟ್ಟರೆ? ಆ ಭಯದಲ್ಲೇ ಇಷ್ಟು ದಿನ ಕಳೆದಿದ್ದೆ.

ಆರನೇ ಬುಟ್ಟಿಗೆ ಅವರ ಸರದಿ. ಕಣ್ಣು ಮುಚ್ಚಿ ಎಸೆದರೂ ಗುರಿ ತಪ್ಪದವರು. ಅವರ ಡಿಸ್ಕ್ ಬುಟ್ಟಿ ದಾಟಿ, ಬೇಲಿ ದಾಟಿ, ರಸ್ತೆಬದಿಯ ಚರಂಡಿಗೆ ಬಿತ್ತು.

"ಗಾಳಿ," ಎಂದರು.

ಗಾಳಿಯ ಸುಳಿವೇ ಇರಲಿಲ್ಲ. ಏಳನೆಯದರಲ್ಲಿ ಅವರ ಡಿಸ್ಕ್ ಮರವೇರಿ ಕೂತಿತು, ನನ್ನದು ಮತ್ತೆ ಕೊಳಕ್ಕಿಳಿಯಿತು. ಪುಟ್ಟಿಗೆ ರೇಗಿಹೋಯಿತು.

"ನೀವಿಬ್ರೂ ಬೇಕೂಂತಲೇ ತಪ್ಪು ಎಸೀತಿದ್ದೀರ! ಹಿಂಗಾದ್ರೆ ಗೆಲ್ಲೋಕೆ ಮಜಾನೇ ಇಲ್ಲ!"

ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ ಇಬ್ಬರೂ ನೆಲ ನೋಡಿದೆವು.

"ಆಟ ಮುಗಿದ್ರೆ ನಾನು ಹೋಗಬೇಕಲ್ಲ ಪುಟ್ಟಿ," ಎಂದರು ಅವರು, ಮೆಲ್ಲಗೆ.

ಅವಳು ನನ್ನ ಕಡೆ ತಿರುಗಿದಳು. "ನೀನೂ ಅದಕ್ಕೇನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು.

ಆಮೇಲೆ ನೆಪಗಳಿಗೂ ಸುಸ್ತಾಯಿತು. ಒಂಬತ್ತನೇ ಬುಟ್ಟಿಗೆ ನಮ್ಮಿಬ್ಬರ ಡಿಸ್ಕುಗಳೂ ಸರಪಳಿಗೆ ಬಡಿದು ಒಳಗೆ ಬಿದ್ದವು. ಅದೇ ಕೊನೆಯ ಬುಟ್ಟಿ. ಪುಟ್ಟಿಯದು ಕಂಬದ ಬುಡದಲ್ಲೇ ಬಿದ್ದಿತ್ತು. ಎತ್ತಿ ಹಾಕಿದರೆ ಸಾಕು, ಗೆಲುವು ಅವಳದೇ.

ಅವಳು ಡಿಸ್ಕ್ ಎತ್ತಿಕೊಂಡಳು. ಬುಟ್ಟಿ ನೋಡಿದಳು, ಗೇಟು ನೋಡಿದಳು. ಆಮೇಲೆ ಡಿಸ್ಕನ್ನು ಹೊಟ್ಟೆಗೆ ಒತ್ತಿ ಹಿಡಿದು ಹುಲ್ಲಿನ ಮೇಲೆ ಕೂತುಬಿಟ್ಟಳು.

"ನಾನು ಹಾಕಲ್ಲ."

"ಹಾಕೇ, ಗೆಲ್ತೀಯ..." ಎಂದೆ.

"ನಂಗೆ ಗೆಲ್ಲೋದು ಬೇಡ."

ಅಷ್ಟೇ, ನನ್ನಿಂದ ತಡೆಯಲಾಗಲಿಲ್ಲ.

"ಹೋಗಬೇಡಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನೀವು ಬೇಕು ನನಗೆ. ನಿಮ್ಮ ಹಲ್ಲು ನೋಡೋ ಹೊತ್ತಲ್ಲೆಲ್ಲ ನಿಮ್ಮನ್ನೇ ನೋಡ್ತಿದ್ದೆ. ಆದ್ರೆ ಇವಳನ್ನ ಬಿಟ್ಟು ನಾನಿಲ್ಲ. ಇಬ್ರೂ ಬೇಕು ಅಂದ್ರೆ ಮಾತ್ರ ಇರಿ. ಇಲ್ಲಾಂದ್ರೆ ಈಗಲೇ ಹೊರಟುಬಿಡಿ, ತಿರುಗಿ ನೋಡಬೇಡಿ."

ಹಾರ್ನ್ ಮತ್ತೆ ಬಡಿದುಕೊಂಡಿತು. ಅವರು ಗೇಟಿನ ಕಡೆ ಓಡಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ಕುಸಿದು ಕೂತೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಜೀಪು ಹೊರಡುವ ಸದ್ದಿಗೆ ಕಿವಿ ಕೊಟ್ಟು, ಅದು ಕೇಳಿಸದಿರಲಿ ಎಂದು ಬೇಡಿಕೊಳ್ಳುತ್ತಾ ಬಿಕ್ಕಿದೆ.

ಪುಟ್ಟಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಳಬೇಡ ಅತ್ತೆ," ಎಂದಳು. "ಅಂಕಲ್ ಬ್ಯಾಗ್ ಕೆಳಗಿಳಿಸ್ತಿದ್ದಾರೆ."