ನಾಳೆ ತೀರಿಕೊಂಡರು

೧೯೮೮ರ ನವೆಂಬರ್ ೧೮, ಶುಕ್ರವಾರ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಕೌಸಲ್ಯಾ ಎಂಬ ಅರವತ್ತರ ಆಸುಪಾಸಿನ ಹೆಂಗಸು ಮುಂಬಯಿಯ ವಡಾಲದ ಪೊಲೀಸ್ ಠಾಣೆಗೆ ಬಂದರು. ತಮ್ಮ ಮಗನನ್ನು ಯಾರೋ ನಾಳೆ ಸಂಜೆ ಕೊಲ್ಲುತ್ತಾರೆ, ಅಷ್ಟರೊಳಗೆ ಹುಡುಕಿಕೊಡಿ ಎಂಬುದು ಅವರ ದೂರು. ಬರೆದುಕೊಳ್ಳಲು ಕೂತಿದ್ದ ಮರಾಠಿ ಹವಾಲ್ದಾರನಿಗೆ ತಲೆಬುಡ ತಿಳಿಯಲಿಲ್ಲ. ಠಾಣೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ಒಬ್ಬ ಮಾಟುಂಗದಲ್ಲಿ ಹುಟ್ಟಿ ಬೆಳೆದ, ಮೈಸೂರು ಕಡೆಯ ಮನೆತನದ ಸಬ್ ಇನ್‌ಸ್ಪೆಕ್ಟರ್ ಸತ್ಯಮೂರ್ತಿ. ಇನ್ನೊಬ್ಬ ಬೆಳಗಾವಿಯ ಕಾನ್‌ಸ್ಟೇಬಲ್ ಶೆಟ್ಟೆಪ್ಪ. ಬೇರೆಯವರಿಗೆ ಬೇಡವಾದ ಕೇಸುಗಳೆಲ್ಲ ಭಾಷೆಯ ನೆಪದಲ್ಲಿ ಇವರಿಬ್ಬರ ಕೊರಳಿಗೇ ಬೀಳುತ್ತಿದ್ದವು.

"ಕೊಲ್ತಾರೆ ಅಂತ ಯಾರು ಹೇಳಿದ್ರಮ್ಮ?"

"ಬೋರ್ಡಲ್ಲಿ ಬರೆದಿದೆ."

"ಮಗ ಎಲ್ಲಿ?"

"ನಿನ್ನೆ ಸಂಜೆ ಹೋದವನು ಬರ್ಲಿಲ್ಲ. ನಾಣಿ ಅಂತ. ಬ್ಯಾಂಕಲ್ಲಿ ಕ್ಲರ್ಕು. ಬನ್ನಿ, ನೀವೇ ಓದಿ."

ಕೌಸಲ್ಯಾ ಅವರ ಕಾಲೊನಿಯ ಗೇಟಿನ ಪಕ್ಕದ ಗೋಡೆಯಲ್ಲಿ ಕನ್ನಡ ಯುವಕ ಸಂಘದ ಕರಿಹಲಗೆ ಇತ್ತು. ನಾಣಿ ಅದರ ಸಂಚಾಲಕ. ರಕ್ತ ಬೇಕಾಗಿದೆ, ಬಾಡಿಗೆಗೆ ಕೋಣೆ ಇದೆ, ಇಂಥವರು ತೀರಿಕೊಂಡರು, ಹೀಗೆ ಮುಂಬಯಿಯ ಕನ್ನಡಿಗರಿಗೆ ಮುಟ್ಟಬೇಕಾದ ಸುದ್ದಿಯನ್ನು ದಿನಾ ಬರೆಯುತ್ತಿದ್ದ. ಅದನ್ನೇ ಬಾಂದ್ರಾ ಮತ್ತು ಅಂಧೇರಿಯ ಸಂಚಾಲಕರು ಫೋನಿನಲ್ಲಿ ಕೇಳಿಕೊಂಡು ತಮ್ಮ ಫಲಕಗಳಲ್ಲಿ ಬರೆಯಬೇಕು. ಸಂಬಳವಿಲ್ಲದ, ಹೆಸರೂ ಬಾರದ ಕೆಲಸ. ತಪ್ಪಾದರೆ ಬೈಗುಳ ಮಾತ್ರ ಗ್ಯಾರಂಟಿ.

ಫಲಕದ ಮುಂದೆ ಜನ ಗುಂಪಾಗಿದ್ದರು. ಒಬ್ಬರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬಿಳಿ ಸೀಮೆಸುಣ್ಣದಲ್ಲಿ ಹೀಗೆ ಬರೆದಿತ್ತು: "ಶೋಕ ಸಮಾಚಾರ. ನಮ್ಮ ಸಂಘದ ಫಲಕ ಸಂಚಾಲಕ ಶ್ರೀ ನಾಣಿಯವರು ನಾಳೆ ಸಂಜೆ ತೀರಿಕೊಂಡರು."

ಸತ್ಯಮೂರ್ತಿ ಎರಡು ಸಲ ಓದಿದ. ಯಾರೋ ಕಿಡಿಗೇಡಿಯ ಬೆದರಿಕೆ ಅನ್ನಿಸಿತು. ನಾಳೆ ಎಂದ ಮೇಲೆ ತೀರಿಕೊಂಡರು ಎಂದು ಬರೆದದ್ದು ಹೆದರಿಸುವ ಹುರುಪಿನಲ್ಲಿ ಇರಬೇಕು ಎಂದುಕೊಂಡ.

"ಅಕ್ಷರ ಯಾರದು?"

ಕೌಸಲ್ಯಾ ಫಲಕದಿಂದ ಕಣ್ಣು ಕೀಳದೆ ಹೇಳಿದರು: "ಅವನದೇ."

ಗೇಟಿನ ಕಾವಲುಗಾರ ಮುರಿಗೆಪ್ಪ ವಿಜಾಪುರದವನು.

"ನಾಣಿಯವರೇ ಬರದ್ರೀ. ಇನ್ನೂ ಬೆಳಕ ಹರಿದಿದ್ದಿಲ್ಲ. ಬೆನ್ನ ಕಾಣಿಸ್ತು. ಚಾ ತರ್ಲೇನ್ರಿ ಅಂದೆ. ಹೊಳ್ಳಿ ನೋಡ್ಲಿಲ್ಲ. ಬರದು, ಸುಮ್ನ ಹೊಂಟುಬಿಟ್ರು."

"ಮುಖ ನೋಡಿದ್ಯಾ?"

"ಇಲ್ರೀ ಸಾಹೇಬ್ರ. ಆದ್ರ ಆ ಅಕ್ಷರ ಮತ್ತ ಯಾರಿಗ್ ಬರತೈತ್ರಿ?"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ತನ್ನ ಸಾವನ್ನು ತಾನೇ ಬರೆದು ಹೋದನಂತೆ ಎಂಬ ಮಾತು ಹತ್ತು ನಿಮಿಷದಲ್ಲಿ ಕಾಲೊನಿಯ ನಾಲ್ಕೂ ಬಿಲ್ಡಿಂಗುಗಳನ್ನು ಹತ್ತಿಳಿಯಿತು. ಶೆಟ್ಟೆಪ್ಪ ಇಬ್ಬರು ಪಂಚರನ್ನು ಕರೆಸಿ ಫಲಕದ ಪಂಚನಾಮೆ ಮಾಡಿದ, ಫೋಟೋ ತೆಗೆಸಿದ. ಒರೆಸಬಾರದೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಠಾಣೆಯಲ್ಲಿ ಬೆದರಿಕೆಯ ಕಲಂ ೫೦೬, ೫೦೭ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಕೌಸಲ್ಯಾ ಸಹಿ ಹಾಕಿ ಎದ್ದವರು ಮತ್ತೆ ಕೂತರು.

"ನಾಳೆ ಸಂಜೆ ಅಂತ ತಾನೇ ಇರೋದು? ಹಾಗಾದ್ರೆ ಇವತ್ತು ಇದಾನೆ. ಈಗ ಈ ಹೊತ್ತಲ್ಲೂ ಎಲ್ಲೋ ಇದಾನೆ. ಟೈಮ್ ಇದೆ ಅಲ್ವೇನಪ್ಪ?"

"ಇದೆ ಅಮ್ಮ," ಎಂದ ಸತ್ಯಮೂರ್ತಿ. ಆಗ ಅವನೂ ಅದನ್ನು ನಂಬಿದ್ದ.

ಬ್ಯಾಂಕಿನಲ್ಲಿ ವಿಚಾರಿಸಿದಾಗ ಏನೂ ಸಿಗಲಿಲ್ಲ. ನಾಣಿ ಗುರುವಾರ ಎಂದಿನಂತೆ ಕೆಲಸ ಮುಗಿಸಿ ಹೊರಟಿದ್ದ. ಆಸ್ಪತ್ರೆಗಳಲ್ಲಿ, ರೈಲ್ವೆ ಪೊಲೀಸರ ಬಳಿ ಅಂಥ ಹೆಸರಿರಲಿಲ್ಲ. ಮಧ್ಯಾಹ್ನ ಇಬ್ಬರೂ ಬಾಂದ್ರಾಕ್ಕೆ ಹೋದರು. ಅಲ್ಲಿನ ಫಲಕದ ಸಂಚಾಲಕಿ ಸುಮಿತ್ರಾ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅತ್ತು ಕಣ್ಣು ಕೆಂಪಾಗಿದ್ದವು. ಕನ್ನಡ ತಡವರಿಸುತ್ತಿತ್ತು.

"ನಾಣಿ ಹಾಗೆ ಬರೆಯೋರು ಬೇರೆ ಯಾರಾದ್ರೂ ಇದಾರಾ?"

"ನಾವೆಲ್ಲ ಹಾಗೇ ಬರೀತೀವಿ ಸರ್. ನಾನು, ಅಂಧೇರಿಯ ಚೆನ್ನಯ. ನಮಗೆ ಕನ್ನಡ ಲಿಖನಾ ಅವರೇ ಕಲಿಸಿದ್ದು. ಮೂರೂ ಬೋರ್ಡ್ ಒಂದೇ ಕೈ ಬರೆದ ಹಾಗೆ ಕಾಣಬೇಕು ಅಂತ ಅವರ ಜಿದ್ದು."

ಶೆಟ್ಟೆಪ್ಪ ನಿಟ್ಟುಸಿರು ಬಿಟ್ಟ. ಬೆಳಿಗ್ಗೆಯಿಂದ ಅವನ ಎದೆಯಲ್ಲಿ ಕೂತಿದ್ದ ದೆವ್ವ ಆಗ ಸ್ವಲ್ಪ ಇಳಿಯಿತು.

"ಕೊನೆಗೆ ಯಾವಾಗ ಮಾತಾಡಿದ್ದೆ?"

"ನಾಳೆ ಮಾತಾಡಿದೆ ಸರ್, ಫೋನಲ್ಲಿ. ದುಪಹರ್‌ಕೋ, ಮಧ್ಯಾಹ್ನ."

"ನಾಳೆ?"

"ಸಾರಿ ಸರ್, ನಿನ್ನೆ. ನಿನ್ನೆ. ಹಿಂದೀಲಿ ಎರಡಕ್ಕೂ ಕಲ್ ಅಂತಾರಲ್ಲ. ನಂಗೆ ಹಮೇಶಾ ಗಡಬಡ್ ಆಗತ್ತೆ."

ಸತ್ಯಮೂರ್ತಿಯ ಪೆನ್ನು ನಿಂತಿತು.

"ಈ ಗಡಬಡ್ ನಿನಗೊಬ್ಬಳಿಗೇನಾ?"

"ಚೆನ್ನಯನಿಗೂ ಸರ್. ಅಂಧೇರಿ ಬೋರ್ಡ್ ಅವನದ್ದಿತ್ತು. ಹೋದ ತಿಂಗಳು ರಕ್ತದಾನ ಶಿಬಿರ ಇತ್ತಲ್ಲ, ‘ನಿನ್ನೆ ಶಿಬಿರ, ಎಲ್ಲರೂ ಬನ್ನಿ’ ಅಂತ ಬರೆದ. ಮುಗಿದೋಯ್ತು ಅಂತ ಯಾರೂ ಬರಲಿಲ್ಲ. ಡಾಕ್ಟರ್ ಸುಮ್ಮನೆ ಕೂತು ವಾಪಸ್ ಹೋದರು. ನಾಣಿ ಸರ್ ಮೀಟಿಂಗಲ್ಲಿ ಅದನ್ನು ಜೋರಾಗಿ ಓದಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನ ಕೈಯಿಂದ ಬೋರ್ಡ್ ತಗೊಂಡ್ರು."

ಜೀಪು ಅಂಧೇರಿಯ ಕಡೆ ಹೊರಟಿತು. ಮಾಹಿತಿ ಸಿಕ್ಕಾಗ ಆಗುವ ಖುಷಿ ಇಬ್ಬರಿಗೂ ಆಗಲಿಲ್ಲ.

"ಸಾಹೇಬ್ರ, ಹಂಗಾದ್ರ ಬೋರ್ಡನ್ಯಾಗ ನಾಳೆ ಅಂದ್ರ..."

"ನಿನ್ನೆ."

"ಅಂದ್ರ ಆ ಅವ್ವ ಠಾಣೆಗೆ ಬರೂದ್ರಾಗ..."

ಟೈಮ್ ಇದೆ ಎಂದು ತಾನೇ ಹೇಳಿದ ಮಾತು ಸತ್ಯಮೂರ್ತಿಯ ಕಿವಿಯಲ್ಲಿ ಕೂತುಬಿಟ್ಟಿತ್ತು. ಸಿಗ್ನಲ್ಲಿನಲ್ಲಿ ನಿಂತಾಗಲೂ, ಹೊರಟಾಗಲೂ ಅದೇ ಕೇಳುತ್ತಿತ್ತು.

ಚೆನ್ನಯ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್‌ಗಳಿಗೆ ವಿಳಾಸ ಬರೆಯುತ್ತಿದ್ದ. ಇಪ್ಪತ್ತೆರಡರ ಪ್ರಾಯ. ಹೆತ್ತವರು ಉಡುಪಿ ಕಡೆಯವರು, ಇವನು ಹುಟ್ಟಿದ್ದು ಅಂಧೇರಿಯ ಚಾಳಿನಲ್ಲಿ. ಖಾಕಿ ಕಂಡು ಓಡಲಿಲ್ಲ. ಎದ್ದು ನಿಂತ.

"ನಾಣಿ ಎಲ್ಲಿ?"

"ನಾನು ಬರೆದಿದ್ದೇನಲ್ಲ ಸಾಬ್. ಮತ್ತೆ ಯಾಕೆ ಕೇಳ್ತೀರಿ?"

"ಏನಂತ ಬರೆದಿದ್ದಿ?"

"ಗುಜರ್ ಗಯೇ ಅಂತ. ಕಲ್ ಶಾಮ್ ಕೋ."

"ಬೋರ್ಡಲ್ಲಿ ಬರೆದ ಹಾಗೇ ಹೇಳು."

"ನಾಳೆ ಸಂಜೆ ತೀರಿಕೊಂಡರು."

"ನಾಳೆ ಅಂದ್ರೆ ಇನ್ನೂ ಬರಬೇಕಾದ ದಿನ, ಚೆನ್ನಯ."

ಹುಡುಗ ಅವನ ಮುಖವನ್ನೇ ನೋಡಿದ.

"ಫಿರ್ ಸೆ?" ಎಂದ.

ಮತ್ತೆ ಅದೇ ತಪ್ಪು ಮಾಡಿದೆನಾ ಎಂದು ಕೇಳುತ್ತಿದ್ದ. ಸತ್ಯಮೂರ್ತಿ ತಲೆಯಾಡಿಸಿದ. ಚೆನ್ನಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ.

ಅವನೇ ಜಾಗ ತೋರಿಸಿದ. ವಡಾಲ ಸ್ಟೇಷನ್ನಿನ ಆಚೆ, ಬಂದರಿನ ಜಾಗದಲ್ಲಿ ಗೂಡ್ಸ್ ಗಾಡಿ ಓಡದೆ ಬಿಟ್ಟುಹೋದ ಹಳಿಗಳಿದ್ದವು. ಸೊಂಟದೆತ್ತರ ಹುಲ್ಲು. ಉಪ್ಪಿನ ಗದ್ದೆಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ನಾಣಿ ಹಳಿಯ ಪಕ್ಕ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಒಂದೇ ಏಟು. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳಿದ್ದವು. ಇನ್ನೂ ಬೆಳಕಿರುವಾಗಲೇ ಪಂಚನಾಮೆ ಮುಗಿಯಿತು. ದೇಹವನ್ನು ಶವಪರೀಕ್ಷೆಗೆ ಕಳಿಸಿದರು. ಎಫ್‌ಐಆರ್‌ಗೆ ಕೊಲೆಯ ಕಲಂ ಸೇರಿಸಿ, ಚೆನ್ನಯನನ್ನು ಬಂಧಿಸಿದ್ದಾಗಿ ಸ್ಟೇಷನ್ ಡೈರಿಯಲ್ಲಿ ಬರೆದರು.

ಠಾಣೆಯಲ್ಲಿ ಅವನು ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಫಲಕವನ್ನು ವಾಪಸು ಕೇಳಲು ಗುರುವಾರ ಸಂಜೆ ವಡಾಲಕ್ಕೆ ಬಂದಿದ್ದ. ಸ್ಟೇಷನ್ನಿನಲ್ಲಿ ಸಿಕ್ಕ ನಾಣಿ, ನಡೀತಾ ಮಾತಾಡೋಣ ಎಂದು ಹಳಿಯ ಕಾಲುದಾರಿಯಲ್ಲಿ ಕರೆದುಕೊಂಡು ಹೋದ. ಮೊದಲು ನಿನ್ನೆ ಯಾವುದು, ನಾಳೆ ಯಾವುದು ಅಂತ ಕಲಿತು ಬಾ ಎಂದು ನಕ್ಕ. ಕೊಲ್ಲಬೇಕೆಂದು ಬಂದಿರಲಿಲ್ಲ, ನಗು ನಿಲ್ಲಲಿ ಎಂದು ನೂಕಿದೆ, ತಲೆ ಹಳಿಗೆ ಬಡಿಯಿತು ಎಂದ ಚೆನ್ನಯ. ಮನೆಯಲ್ಲಿ ತುಳು, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಆಡಿಕೊಂಡು ಬೆಳೆದವನಿಗೆ ಇಷ್ಟಪಟ್ಟು ಕಲಿತ ಭಾಷೆ ಇದೊಂದೇ ಆಗಿತ್ತು. ಯಾರ ಗಮನಕ್ಕೂ ಬಾರದ ಹುಡುಗ ಬರೆದದ್ದನ್ನು ನಾಲ್ಕು ಜನ ನಿಂತು ಓದುತ್ತಿದ್ದುದು ಆ ಫಲಕದ ಮುಂದೆ ಮಾತ್ರ.

"ತಪ್ಪಿಸಿಕೊಳ್ಳೋದು ಬಿಟ್ಟು ಬೋರ್ಡಲ್ಲಿ ಯಾಕೆ ಬರೆದೆ?"

"ಕೌಸಲ್ಯಮ್ಮ ಸಾಬ್. ನಾಣಿ ಸರ್ ಬರೋವರೆಗೆ ಅವರು ಊಟ ಮಾಡಲ್ಲ. ನಾನು ಅವರ ಮನೇಲಿ ಎಷ್ಟೋ ಸಲ ಊಟ ಮಾಡಿದ್ದೇನೆ. ಮುಖ ನೋಡಿ ಹೇಳೋ ಹಿಮ್ಮತ್ ಆಗಲಿಲ್ಲ. ಬೋರ್ಡ್ ನೋಡಿದ್ರೆ ಕಾಯೋದು ಬಿಡ್ತಾರೆ ಅಂತ..."

ಶೆಟ್ಟೆಪ್ಪ ನೀರಿನ ಲೋಟ ಅವನ ಮುಂದಿಟ್ಟು ಹೊರಗೆ ಹೋದ.

ಸಂಜೆ ಏಳರ ಹೊತ್ತಿಗೆ ಸತ್ಯಮೂರ್ತಿ ಒಬ್ಬನೇ ಕೌಸಲ್ಯಾ ಅವರ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಕೂತಿದ್ದವರು ಬೂಟಿನ ಸದ್ದಿಗೆ ಎದ್ದರು.

"ಸಿಕ್ಕಿದ್ನಾ?"

"ಸಿಕ್ಕಿದ್ರು ಅಮ್ಮ."

"ನಾನು ಹೇಳ್ಲಿಲ್ವಾ, ಟೈಮ್ ಇದೆ ಅಂತ!" ಆ ಮುಖದಲ್ಲಿ ಬಂದ ಬೆಳಕನ್ನು ನೋಡಲಾಗದೆ ಸತ್ಯಮೂರ್ತಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವರು ಆಗಲೇ ಅಡುಗೆಮನೆಗೆ ಹೋಗಿದ್ದರು. ಅಕ್ಕಿ ತೊಳೆಯುವ ಸದ್ದು ಬಂತು. "ಬೆಳಿಗ್ಗೆಯಿಂದ ನಾನೂ ಏನೂ ತಿಂದಿಲ್ಲಪ್ಪ. ಅವನ ಜೊತೆಗೇ ತಿಂದ್ರಾಯ್ತು. ನೀವೂ ಇಲ್ಲೇ ಊಟ ಮಾಡ್ಕೊಂಡು ಹೋಗಿ."

ಬೆಂಕಿಕಡ್ಡಿ ಗೀರಿದ ಸದ್ದಾಯಿತು.

"ಅಮ್ಮ," ಎಂದ ಸತ್ಯಮೂರ್ತಿ. "ಒಲೆ ಹಚ್ಚಬೇಡಿ. ಇಲ್ಲಿ ಬನ್ನಿ, ಕೂತ್ಕೊಳ್ಳಿ."